ಹಳಿ ಮುಗಿದು ನೀರು ಶುರುವಾಗುವಲ್ಲಿ

ಅಕ್ಕನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ಕಳೆದ ವಾರ ಇಬ್ಬರೂ ಚಿಗರಿ ಬಸ್ಸಿನಲ್ಲಿ, ಅಂದರೆ ಧಾರವಾಡ–ಹುಬ್ಬಳ್ಳಿ ನಡುವೆ ತನ್ನದೇ ಬೇರೆ ದಾರಿಯಲ್ಲಿ ಓಡುವ ಬಸ್ಸಿನಲ್ಲಿ, ಹುಬ್ಬಳ್ಳಿಗೆ ಬರುತ್ತಿದ್ದೆವು. ಅವನ ಕೈಯಲ್ಲಿ ಯಾವುದೋ ನೋಟ್ಸು. ಉಣಕಲ್ ಕೆರೆ ಬಂದಾಗ ತಲೆ ಎತ್ತಿ ಕೇಳಿದ: “ಮಾಮಾ, ಸಿಂಗಪುರ ಅಂದ್ರ ನಮ್ಮ ಧಾರವಾಡ ಜಿಲ್ಲಾದಾಗ ಆರನೇ ಒಂದು ಪಾಲು ಆದೀತು ಅಷ್ಟ. ಸುತ್ತಲೂ ನೀರು. ಅಷ್ಟು ಸಣ್ಣ ಊರಿಗೆ ಮೆಟ್ರೊ ಯಾಕ್ ಬೇಕಾಗಿತ್ತು? ಹಿಂಗ ಬಸ್ ಬಿಟ್ಟಿದ್ರ ಸಾಲ್ತಿರಲಿಲ್ಲೇನು?”

ಒಳ್ಳೆ ಪ್ರಶ್ನೆ. ಇದೇ ಪ್ರಶ್ನೆ ಹಿಡಿದು ಸಿಂಗಪುರದ ಮಂತ್ರಿಗಳೇ ವರ್ಷಗಟ್ಟಲೆ ವಾದ ಮಾಡಿದ್ದಾರೆ. ಅಲ್ಲಿಗೆ ಆಮೇಲೆ ಬರೋಣ. ಅವನು ಕೇಳಿದ ಕೂಡಲೇ ನನಗೆ ನೆನಪಾಗಿದ್ದು ಸಿಂಗಪುರ ಅಲ್ಲ, ಮಿರಜ್.

ನಾನು ಸಣ್ಣವನಿದ್ದಾಗ ಹುಬ್ಬಳ್ಳಿಯಿಂದ ಮುಂಬೈಗೆ ಹೋಗುವುದೆಂದರೆ ಮಿರಜ್‌ನಲ್ಲಿ ಇಳಿಯುವುದು ಅಂತಲೇ ಅರ್ಥ. ಎರಡು ಹಳಿಗಳ ನಡುವಿನ ಅಗಲಕ್ಕೆ ಗೇಜ್ ಅಂತಾರೆ; ನಮ್ಮ ಮೀಟರ್ ಗೇಜ್ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಪುಣೆ ಕಡೆಗೆ ಬ್ರಾಡ್ ಗೇಜ್. ಅಪ್ಪನ ಹೆಗಲ ಮೇಲೆ ಟ್ರಂಕು, ಅವ್ವನ ಕೈಯಲ್ಲಿ ಬುತ್ತಿ ಗಂಟು, ನನ್ನ ಪಾಲಿಗೆ ನೀರಿನ ತಂಬಿಗೆ. ಸಣ್ಣ ಗಾಡಿ ಇಳಿದು ದೊಡ್ಡ ಗಾಡಿಗೆ ಓಟ. ಜನ ಆದರೆ ಓಡುತ್ತಾರೆ. ಮೆಣಸಿನಕಾಯಿ ಚೀಲ ಓಡುತ್ತದೆಯೇ? ಗೇಜ್ ಬದಲಾಗುವ ಕಡೆಯಲ್ಲೆಲ್ಲ ಹಮಾಲರು ಒಂದು ವ್ಯಾಗನ್ನಿನಿಂದ ಸರಕು ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಇಳಿಸುವ ಕೂಲಿ, ಏರಿಸುವ ಕೂಲಿ, ನಡುವೆ ಹರಿದ ಚೀಲದ ನಷ್ಟ ಬೇರೆ.

1990ರ ದಶಕದಲ್ಲಿ ನಮ್ಮ ಹಳಿಗಳನ್ನೂ ಅಗಲ ಮಾಡಿದರು. ಈಗ ಹುಬ್ಬಳ್ಳಿಯಲ್ಲಿ ತುಂಬಿದ ವ್ಯಾಗನ್ ಬಾಗಿಲು ತೆರೆಯದೆ ಗುವಾಹಟಿಗೆ ಹೋಗಬಹುದು. ಅದಕ್ಕೂ ಮೊದಲು, ರೈಲಿನ ಲೆಕ್ಕದಲ್ಲಿ ನಾವು ಒಂದು ದೊಡ್ಡ ನಡುಗಡ್ಡೆಯಲ್ಲೇ ಇದ್ದೆವು. ನೀರಿರಲಿಲ್ಲ, ಅಷ್ಟೇ. 1,000 ಮಿ.ಮೀ. ಅಗಲದ ಹಳಿ ಮುಗಿದು 1,676 ಮಿ.ಮೀ. ಹಳಿ ಶುರುವಾಗುವ ಜಾಗವೇ ದಂಡೆ.

ನಿಜವಾದ ನಡುಗಡ್ಡೆಗಳ ರೈಲಿನ ಕಥೆಯೂ ಇದೇ. ರೈಲಿನ ಬೆಲೆ ಇರುವುದು ಹಳಿಯಲ್ಲಿ ಅಲ್ಲ, ಹಳಿಗೆ ಹಳಿ ಸೇರುವುದರಲ್ಲಿ. ಹುಬ್ಬಳ್ಳಿ ಇಷ್ಟು ದೊಡ್ಡ ರೈಲಿನ ಊರಾದದ್ದು ಯಾಕೆ? ಗದಗ ಕಡೆಯದು, ಹಾವೇರಿ ಕಡೆಯದು, ಲೋಂಡಾ ಕಡೆಯದು ಇಲ್ಲಿ ಕೂಡುತ್ತವೆ ಅಂತ. ನಡುಗಡ್ಡೆಯಲ್ಲಿ ಯಾವ ದಿಕ್ಕಿಗೆ ಹಳಿ ಹಾಕಿದರೂ ಕೊನೆಗೆ ಸಮುದ್ರ. ಅಲ್ಲಿ ಎಲ್ಲವನ್ನೂ ಇಳಿಸಲೇಬೇಕು.

ಮೊದಲು ಬಂದದ್ದು ಸಕ್ಕರೆಗಾಗಿ

ಹಾಗಿದ್ದರೂ ನಡುಗಡ್ಡೆಗಳಿಗೆ ರೈಲು ಬಹಳ ಬೇಗ ಬಂತು. ಕ್ಯೂಬಾದಲ್ಲಿ 1837ರಲ್ಲೇ ಹವಾನಾದಿಂದ ಬೆಹುಕಾಲ್‌ಗೆ ರೈಲು ಓಡಿತು. ಆಗ ಕ್ಯೂಬಾ ಸ್ಪೇನಿನ ವಸಾಹತು. ಆಳುವ ಸ್ಪೇನಿನಲ್ಲಿ ಮೊದಲ ರೈಲು ಓಡಿದ್ದು 1848ರಲ್ಲಿ! ಧಣಿಯ ಮನೆಗಿಂತ ಮೊದಲು ಆಳಿನ ಊರಿಗೆ ರೈಲು ಬಂದದ್ದು ಪ್ರೀತಿಗಲ್ಲ, ಕಬ್ಬಿಗೆ. ಕಬ್ಬು ಕಡಿದ ಮೇಲೆ ಕಾಯುವುದಿಲ್ಲ, ಒಣಗಿದಷ್ಟೂ ಸಕ್ಕರೆ ಹೋಗುತ್ತದೆ. ಸಕ್ಕರೆಯೂ ಅಷ್ಟೇ, ಹಡಗು ಹತ್ತಿದರೆ ಮಾತ್ರ ದುಡ್ಡು. ಮಾರಿಷಸ್‌ಗೆ 1864ರಲ್ಲಿ ರೈಲು ಬಂದದ್ದೂ ಕಬ್ಬಿನ ಹಿಂದೆಯೇ. ಶ್ರೀಲಂಕಾದ ರೈಲು ಅದೇ ಸುಮಾರಿಗೆ ಕೊಲಂಬೊದಿಂದ ಹೊರಟಿದ್ದು ಬೆಟ್ಟದ ಮೇಲಿನ ಕಾಫಿಗಾಗಿ. ಕಾಫಿಗೆ ರೋಗ ಬಿದ್ದು ತೋಟಗಳು ಹಾಳಾದ ಮೇಲೆ ಅದೇ ಹಳಿ ಚಹಾ ಹೊತ್ತಿತು.

ತೋಟದಿಂದ ಬಂದರಿಗೆ ಒಂದು ಗೆರೆ. ನಡುಗಡ್ಡೆಯ ಹಳೇ ರೈಲು ನಕ್ಷೆಗಳನ್ನು ನೋಡಿದರೆ ಬಹಳಷ್ಟು ಹೀಗೇ ಇವೆ. ಊರಿಗೂ ಊರಿಗೂ ಸಂಬಂಧ ಇಲ್ಲ, ಎಲ್ಲವೂ ಹಡಗುಕಟ್ಟೆಯ ಕಡೆ ಮುಖ ಮಾಡಿವೆ. ನಮ್ಮ ಕಡೆಯ ಹಳಿ ಬೇರೆ ಕಾರಣಕ್ಕೆ ಶುರುವಾಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೋಟಗಿ–ಗದಗ ಮಾರ್ಗ ಹಾಕಿದ್ದು ಬರಗಾಲದ ಪರಿಹಾರ ಅಂತ. ಆದರೆ 1888ರ ಹೊತ್ತಿಗೆ ಮರ್ಮಗೋವಾ ಬಂದರಿಗೆ ದಾರಿ ಆಯಿತು ನೋಡಿ, ಆಮೇಲೆ ನಮ್ಮ ಹತ್ತಿಯೂ ಸಮುದ್ರದ ಕಡೆ ಮುಖ ಮಾಡಿತು.

ನಡುಗಡ್ಡೆಗೆ ಒಂದು ವಿಚಿತ್ರ ಸ್ವಾತಂತ್ರ್ಯವೂ ಇರುತ್ತದೆ. ಪಕ್ಕದವರ ಹಳಿಗೆ ನಮ್ಮ ಹಳಿ ಸೇರಬೇಕಾಗಿಲ್ಲ, ಹಾಗಾಗಿ ಗೇಜ್ ನಮ್ಮಿಷ್ಟ. ಜಪಾನ್ 1872ರಲ್ಲಿ 1,067 ಮಿ.ಮೀ. ಹಿಡಿಯಿತು. ಐರ್ಲೆಂಡ್ 1,600 ಮಿ.ಮೀ. ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪ ಮೂರೇ ಅಡಿಯ ಹಳಿ ಹಾಕಿ, ಇವತ್ತಿಗೂ ಅದರ ಮೇಲೆ ಉಗಿಬಂಡಿ ಓಡಿಸುತ್ತಿದೆ.

ಆದರೆ ಈ ಸ್ವಾತಂತ್ರ್ಯಕ್ಕೆ ಬಾಡಿಗೆ ಕಟ್ಟಬೇಕು. ಇಂಜಿನ್ ಕೆಟ್ಟರೆ ಪಕ್ಕದ ಡಿವಿಜನ್‌ನಿಂದ ಇನ್ನೊಂದು ತರಿಸಲು ಆಗುವುದಿಲ್ಲ. ಒಂದು ಬೋಲ್ಟು ಬೇಕಾದರೂ ಹಡಗು ಕಾಯಬೇಕು. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವಂಥ ವರ್ಕ್‌ಶಾಪು ಹತ್ತು ಡಬ್ಬಿಯ ರೈಲಿಗಾಗಿ ಕಟ್ಟಿಕೊಂಡರೆ ಊರು ದಿವಾಳಿ.

ಇದಕ್ಕೆ ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪ ನನಗೆ ಬಹಳ ಇಷ್ಟದ ಉದಾಹರಣೆ. ಅಲ್ಲಿ ಉಳಿದಿರುವ ಮಾರ್ಗ ಹದಿನಾಲ್ಕು ಕಿ.ಮೀ.ಗೂ ಕಡಿಮೆ. ರೈಡ್ ಎಂಬ ಊರಲ್ಲಿ ಒಂದು ಸುರಂಗ ಇದೆ, ಅದರ ಚಾವಣಿ ತಗ್ಗು. ಮಾಮೂಲಿ ರೈಲು ನುಗ್ಗುವುದಿಲ್ಲ. ಹೊಸದಾಗಿ ಗಿಡ್ಡ ರೈಲು ಮಾಡಿಸೋಣ ಅಂದರೆ ಇಷ್ಟು ಸಣ್ಣ ಆರ್ಡರ್‌ಗೆ ವಿಪರೀತ ಖರ್ಚು. ಏನು ಮಾಡಿದರು? ಲಂಡನ್ನಿನ ನೆಲದಡಿಯ ರೈಲು ಹುಟ್ಟಿನಿಂದಲೇ ಗಿಡ್ಡ. ಅಲ್ಲಿ ಓಡಿ ಓಡಿ ಮುದಿಯಾದ ಡಬ್ಬಿಗಳನ್ನು ತರಿಸಿ, 1967ರಿಂದ ಸಮುದ್ರದ ದಂಡೆಯಲ್ಲಿ ಓಡಿಸಿದರು. 1938ರ ಕಾಲದ ಡಬ್ಬಿಗಳು 2021ರ ಜನವರಿವರೆಗೆ ದುಡಿದವು. ಈಗ ಬಂದಿರುವುದೂ ಲಂಡನ್ನಿನ ಹಳೇ ಡಬ್ಬಿಗಳನ್ನೇ ರಿಪೇರಿ ಮಾಡಿದ್ದು. ಅಣ್ಣನ ಅಂಗಿ ತಮ್ಮನಿಗೆ ಅಂತಾರಲ್ಲ, ಹಾಗೆ.

ಇಷ್ಟು ಜಾಣತನ ಎಲ್ಲರಿಗೂ ಆಗಲಿಲ್ಲ. ಲಾರಿ, ಬಸ್ಸು ಬಂದ ಮೇಲೆ ಸಣ್ಣ ನಡುಗಡ್ಡೆಗಳ ರೈಲು ಒಂದೊಂದಾಗಿ ಮುಚ್ಚಿದವು. ದೂರ ಕಡಿಮೆ ಇದ್ದಲ್ಲಿ ರೈಲಿಗೆ ಬಲ ಇಲ್ಲ. ತೋಟದಲ್ಲಿ ತುಂಬಿದ ಲಾರಿ ನೇರ ಹಡಗಿನ ಪಕ್ಕ ನಿಲ್ಲುತ್ತದೆ, ನಡುವೆ ಒಂದು ಸಲ ಇಳಿಸಿ ಏರಿಸುವ ಕೆಲಸ ಉಳಿಯುತ್ತದೆ. ಮಾಲ್ಟಾ 1931ರಲ್ಲಿ ನಿಲ್ಲಿಸಿತು. ಮಾರಿಷಸ್‌ನಲ್ಲಿ 1956ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಜಪಾನಿನ ಓಕಿನಾವದ ರೈಲನ್ನು 1945ರ ಯುದ್ಧವೇ ನುಂಗಿತು. ಮತ್ತೆ ಅಲ್ಲಿ ಹಳಿ ಅಂತ ಕಂಡದ್ದು 2003ರಲ್ಲಿ, ಮಾನೊರೈಲಿನ ರೂಪದಲ್ಲಿ.

ನೀರು ದಾಟುವುದು

ನಡುಗಡ್ಡೆಗೆ ರೈಲು ಅಂದರೆ ಎಲ್ಲೋ ದೂರದ ಮಾತು ಅನ್ನಿಸಬಹುದು. ಬೆಂಗಳೂರಿನಿಂದ ಮೈಸೂರಿಗೆ ರೈಲಲ್ಲಿ ಹೋದವರೆಲ್ಲ ಒಂದು ನಡುಗಡ್ಡೆ ದಾಟಿದ್ದಾರೆ: ಶ್ರೀರಂಗಪಟ್ಟಣ. ಎರಡು ಕಡೆ ಕಾವೇರಿ, ನಡುವೆ ಸ್ಟೇಶನ್. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆ ಅಡ್ಡ ಬಂತು. 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. ಸಣ್ಣ ನಡುಗಡ್ಡೆಯಲ್ಲಿ ಹಳಿಗೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲ, ಕಟ್ಟಡವೇ ಸರಿಯಬೇಕಾಯಿತು.

ನದಿಗೆ ಸೇತುವೆ ಸಾಕು. ಸಮುದ್ರಕ್ಕೆ? ಮೊದಲ ಉಪಾಯ, ರೈಲನ್ನೇ ಹಡಗಿಗೆ ಹತ್ತಿಸುವುದು. ಇಟಲಿಯ ಮೆಸ್ಸಿನಾ ಜಲಸಂಧಿಯಲ್ಲಿ ಇವತ್ತಿಗೂ ಇದನ್ನು ನೋಡಬಹುದು. ರೋಮ್‌ನಿಂದ ಹೊರಟ ರೈಲು ಸಿಸಿಲಿಗೆ ಹೋಗುವಾಗ ದಂಡೆಗೆ ಬಂದು ನಿಲ್ಲುತ್ತದೆ. ಹಡಗಿನ ಹೊಟ್ಟೆಯಲ್ಲಿ ಹಳಿ ಇದೆ. ಆದರೆ ಹಡಗಿಗಿಂತ ರೈಲು ಉದ್ದ. ಆದ್ದರಿಂದ ಡಬ್ಬಿಗಳನ್ನು ಬಿಡಿಸಿ ತುಂಡು ಮಾಡಿ, ಶಂಟಿಂಗ್ ಇಂಜಿನ್ ಒಳಗೆ ತಳ್ಳುತ್ತದೆ. ಆಚೆ ದಂಡೆಯಲ್ಲಿ ಮತ್ತೆ ಎಳೆದು ಜೋಡಿಸುತ್ತಾರೆ. ನೀರು ದಾಟುವುದಕ್ಕಿಂತ ಬಿಡಿಸಿ ಜೋಡಿಸುವುದಕ್ಕೇ ಜಾಸ್ತಿ ಹೊತ್ತು. ಬೇಕಾದರೆ ಪ್ರಯಾಣಿಕರು ಡಬ್ಬಿ ಇಳಿದು ಹಡಗಿನ ಮೇಲೆ ಹೋಗಿ ಗಾಳಿ ತಿಂದು ಬರಬಹುದು.

ಸಮುದ್ರ ಶಾಂತ ಇದ್ದರೆ ಇದೆಲ್ಲ ಚೆಂದ. ಜಪಾನಿನಲ್ಲಿ ಹೊನ್ಶು ಮತ್ತು ಹೊಕ್ಕೈಡೊ ದ್ವೀಪಗಳ ನಡುವೆಯೂ ರೈಲು ಹೊರುವ ಹಡಗುಗಳಿದ್ದವು. 1954ರ ಸೆಪ್ಟೆಂಬರ್ 26ರ ರಾತ್ರಿ ಚಂಡಮಾರುತಕ್ಕೆ ಸಿಕ್ಕು ತೋಯಾ ಮಾರು ಎಂಬ ಹಡಗು ಮುಳುಗಿತು. 1,100ಕ್ಕೂ ಹೆಚ್ಚು ಜನ ಸತ್ತರು. ಸಮುದ್ರದ ಅಡಿಯಲ್ಲಿ ಸುರಂಗ ತೋಡುವ ಹಳೇ ಯೋಚನೆಗೆ ಬಲ ಬಂದದ್ದು ಆಮೇಲೆ. ಅದು ಸೈಕಾನ್ ಸುರಂಗ. 1988ರ ಮಾರ್ಚ್ 13ರಂದು ರೈಲು ಓಡಿತು.

ಇಲ್ಲಿ ಒಂದು ಲೆಕ್ಕ ಇದೆ, ನಿಧಾನವಾಗಿ ನೋಡಬೇಕು. ಸುರಂಗದ ಒಟ್ಟು ಉದ್ದ 53.85 ಕಿ.ಮೀ. ಅದರಲ್ಲಿ ಸಮುದ್ರದ ಅಡಿಯಲ್ಲಿರುವುದು 23.3 ಕಿ.ಮೀ. ಮಾತ್ರ. ಉಳಿದ ಮೂವತ್ತು ಕಿ.ಮೀ. ಯಾಕೆ? ಇಳಿಜಾರಿಗಾಗಿ. ಸುರಂಗದ ಅತಿ ಆಳದ ಜಾಗ ಸಮುದ್ರ ಮಟ್ಟದಿಂದ 240 ಮೀಟರ್ ಕೆಳಗೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುತ್ತದೆ, ಅದಕ್ಕೇ ರೈಲು ಕಡಿದಾದ ಏರು ಹತ್ತುವುದಿಲ್ಲ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿನಲ್ಲಿ 37 ಮೀಟರಿಗೆ ಒಂದು ಮೀಟರ್ ಇಳಿಜಾರು. ಅಲ್ಲಿ ಹಿಂದೆ ಬ್ಯಾಂಕರ್ ಇಂಜಿನ್ ಹಚ್ಚಿ ತಳ್ಳುವುದನ್ನು ನಮ್ಮವರು ನೋಡಿದ್ದಾರೆ. ವೇಗದ ರೈಲಿಗೆ ಅದು ನಡೆಯುವುದಿಲ್ಲ. ಸೈಕಾನ್‌ನಲ್ಲಿ ಸಾವಿರ ಮೀಟರಿಗೆ ಹನ್ನೆರಡೇ ಮೀಟರ್ ಇಳಿಜಾರು. ಆ ಲೆಕ್ಕದಲ್ಲಿ 240 ಮೀಟರ್ ಇಳಿಯಲು 20 ಕಿ.ಮೀ. ಬೇಕು. ಅಂದರೆ ಧಾರವಾಡದಲ್ಲಿ ಇಳಿಯಲು ಶುರು ಮಾಡಿದರೆ ಹುಬ್ಬಳ್ಳಿ ಸ್ಟೇಶನ್‌ನಲ್ಲಿ ತಳ ಮುಟ್ಟಿದಂತೆ. ಆಮೇಲೆ ಅಷ್ಟೇ ದೂರ ಹತ್ತಬೇಕು. ನೀರಿನ ಅಗಲ ಎಷ್ಟು ಅನ್ನುವುದಕ್ಕಿಂತ ಆಳ ಎಷ್ಟು ಅನ್ನುವುದೇ ಖರ್ಚನ್ನು ನಿರ್ಧರಿಸುತ್ತದೆ.

ಆ ಸುರಂಗದೊಳಗೂ ಒಂದು ಮಿರಜ್ ಇದೆ. ಜಪಾನಿನ ಹಳೇ ಗೂಡ್ಸ್ ಗಾಡಿಗೆ 1,067 ಮಿ.ಮೀ. ಹಳಿ, ಬುಲೆಟ್ ರೈಲು ಶಿಂಕಾನ್ಸೆನ್‌ಗೆ 1,435. 2016ರಲ್ಲಿ ಶಿಂಕಾನ್ಸೆನ್ ಹೊಕ್ಕೈಡೊಗೆ ಹೊರಟಾಗ ಇನ್ನೊಂದು ಸುರಂಗ ತೋಡುವ ಮಾತೇ ಇಲ್ಲ. ಇದ್ದ ಸುರಂಗದಲ್ಲೇ ಎರಡು ಹಳಿಯ ಪಕ್ಕ ಮೂರನೆಯದು ಹಾಕಿದರು. ಒಂದು ಹಳಿ ಇಬ್ಬರಿಗೂ ಸಾಮಾನ್ಯ, ಇನ್ನೆರಡು ಒಬ್ಬೊಬ್ಬರಿಗೆ ಒಂದೊಂದು.

ನೀರು ಅಷ್ಟು ಆಳ ಇಲ್ಲದಿದ್ದರೆ ತೋಡುವುದೇ ಬೇಡ. ಹಾಂಗ್‌ಕಾಂಗ್‌ನಲ್ಲಿ ಮಾಡಿದ್ದು ಹಾಗೆ. ದಂಡೆಯಲ್ಲಿ ದೊಡ್ಡ ದೊಡ್ಡ ಕಾಂಕ್ರೀಟ್ ಕೊಳವೆ ಎರಕ ಹೊಯ್ದು, ಎರಡೂ ಬಾಯಿ ಮುಚ್ಚಿದರು. ಒಳಗೆ ಗಾಳಿ ಇದ್ದರೆ ಕಾಂಕ್ರೀಟೂ ತೇಲುತ್ತದೆ. ತೇಲಿಸಿಕೊಂಡು ಹೋಗಿ, ಸಮುದ್ರದ ತಳದಲ್ಲಿ ಮೊದಲೇ ತೆಗೆದಿಟ್ಟ ಕಾಲುವೆಯಲ್ಲಿ ಮುಳುಗಿಸಿ, ಒಂದಕ್ಕೊಂದು ಜೋಡಿಸಿ ಮೇಲೆ ಕಲ್ಲು ಹೇರಿದರು. 1980ರಲ್ಲಿ ಅದರೊಳಗೆ ಮೆಟ್ರೊ ಹಾಂಗ್‌ಕಾಂಗ್ ದ್ವೀಪ ಮುಟ್ಟಿತು.

ಬಸ್ಸೋ ರೈಲೋ

ಈಗ ಅಕ್ಕನ ಮಗನ ಪ್ರಶ್ನೆ. ಮೊದಲ ಸಲ ರೈಲು ನಡುಗಡ್ಡೆಗೆ ಬಂದದ್ದು ಸರಕಿಗಾಗಿ. ಎರಡನೇ ಸಲ ಬಂದದ್ದು ಜಾಗ ಮುಗಿದದ್ದಕ್ಕೆ.

ಹುಬ್ಬಳ್ಳಿ–ಧಾರವಾಡದಲ್ಲಿ ಜನ ಹೆಚ್ಚಾದರೆ ಏನಾಗುತ್ತದೆ? ನವನಗರ ಆಯಿತು, ತಾರಿಹಾಳ ಆಯಿತು, ಗಬ್ಬೂರು ಬೈಪಾಸ್ ಆಚೆ ಲೇಔಟ್ ಆಯಿತು. ಊರು ಹಿಟ್ಟಿನ ಹಾಗೆ ಹರಡುತ್ತದೆ. ಸಿಂಗಪುರಕ್ಕೆ ಆ ಸೌಕರ್ಯ ಇಲ್ಲ. 1960ರ ದಶಕದಲ್ಲಿ ಅದರ ವಿಸ್ತೀರ್ಣ 580 ಚದರ ಕಿ.ಮೀ. ಆಸುಪಾಸು. ಸಮುದ್ರಕ್ಕೆ ಮಣ್ಣು ಸುರಿದು ಸುರಿದು ಈಗ ಸುಮಾರು 735 ಮಾಡಿಕೊಂಡಿದ್ದಾರೆ. ಅದರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಹನ್ನೆರಡು ಪಾಲು ರಸ್ತೆಗೇ ಹೋಗಿದೆ.

1970ರ ದಶಕದ ಕೊನೆಗೆ ವಾದ ಜೋರಾಯಿತು. ಓಂಗ್ ಟೆಂಗ್ ಚಿಯಾಂಗ್ ಎಂಬ ಮಂತ್ರಿ, ಓದಿನಿಂದ ವಾಸ್ತುಶಿಲ್ಪಿ, ರೈಲೇ ಬೇಕು ಅಂದರು. ಗೋ ಕೆಂಗ್ ಸ್ವೀ ಎಂಬ ಹಿರಿಯ ಮಂತ್ರಿ, ಹಣಕಾಸಿನ ಪಂಡಿತರು, ಇಷ್ಟು ದುಡ್ಡು ನೆಲದಲ್ಲಿ ಹೂಳುವುದು ಯಾಕೆ, ಬಸ್ ಸಾಕು ಅಂದರು. 1980ರಲ್ಲಿ ಹಾರ್ವರ್ಡ್‌ನಿಂದ ಬಂದ ತಜ್ಞರ ತಂಡವೂ ಬಸ್ಸಿನ ಪರವೇ ಮಾತಾಡಿತು. ಲೆಕ್ಕದಲ್ಲಿ ಅವರೇನೂ ತಪ್ಪಿರಲಿಲ್ಲ. ಬಸ್ಸು ಅಗ್ಗ, ಇವತ್ತು ಹೇಳಿದರೆ ಬೇಗ ಓಡುತ್ತದೆ, ದಾರಿ ಬದಲಿಸಬಹುದು. 2018ರಲ್ಲಿ ಚಿಗರಿ ಬಸ್ಸಿಗೆ ಬೇರೆ ದಾರಿ ಮಾಡಿಕೊಟ್ಟಾಗ ನಮ್ಮಲ್ಲೂ ಇದೇ ಲೆಕ್ಕ ಇತ್ತು. ಆದರೆ ಬಸ್ಸಿಗೆ ರಸ್ತೆಯ ಅಗಲ ಬೇಕು. ನಮ್ಮ ಹಳೇ ಪಿ.ಬಿ. ರಸ್ತೆಯನ್ನು ಅಗಲ ಮಾಡಲು ಎರಡೂ ಕಡೆ ಜಾಗ ತೆಗೆದುಕೊಂಡರು. ಸಿಂಗಪುರದ ನಡುಪೇಟೆಯಲ್ಲಿ ಎಲ್ಲಿಂದ ತೆಗೆದುಕೊಳ್ಳುವುದು? ನೆಲದಡಿ ಓಡುವ ಆರು ಡಬ್ಬಿಯ ಒಂದು ರೈಲು ಸಾವಿರಕ್ಕೂ ಹೆಚ್ಚು ಜನರನ್ನು ಹೊರುತ್ತದೆ, ಮೇಲಿನ ರಸ್ತೆಯ ಒಂದು ಅಡಿಯನ್ನೂ ಕೇಳುವುದಿಲ್ಲ.

1982ರಲ್ಲಿ ರೈಲಿನ ಪರ ತೀರ್ಮಾನ ಆಯಿತು. 1987ರ ನವೆಂಬರ್ 7ರಂದು ಐದು ಸ್ಟೇಶನ್, ಆರು ಕಿ.ಮೀ. ಶುರು. ಈಗ 200 ಕಿ.ಮೀ.ಗೂ ಜಾಸ್ತಿ. ಬರೀ ರೈಲು ಬಿಟ್ಟಿದ್ದರೆ ಇದು ಗೆಲ್ಲುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. 1990ರಿಂದ ಅಲ್ಲಿ ಕಾರು ಕೊಳ್ಳುವ ಮೊದಲು ಕಾರು ಇಟ್ಟುಕೊಳ್ಳುವ ಪರವಾನಗಿಯನ್ನು ಹರಾಜಿನಲ್ಲಿ ಹಿಡಿಯಬೇಕು. ಎಷ್ಟೋ ಸಲ ಪರವಾನಗಿಯ ರೇಟು ಕಾರಿನ ರೇಟನ್ನೇ ಮೀರಿಸುತ್ತದೆ. ನಮ್ಮಲ್ಲಿ ಯಾರಾದರೂ ಈ ಮಾತು ಎತ್ತಿದರೆ ಚುನಾವಣೆ ಮುಗೀತು ಅಂತಲೇ ಅರ್ಥ.

ಜಾಗದ ಬಡತನ ಅಂದರೆ ಏನು ಅಂತ ತಿಳಿಯಬೇಕಾದರೆ ನಮ್ಮ ಸ್ಟೇಶನ್‌ಗೆ ಹೋಗಿ ನಿಲ್ಲಬೇಕು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಒಂದು ತುದಿಯಿಂದ ನಡೆಯಲು ಶುರು ಮಾಡಿದರೆ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಕೈಯಲ್ಲಿನ ಗಿರಮಿಟ್ ಖಾಲಿ. ಸಿಂಗಪುರದ ಹತ್ತು ರೈಲುಗಳನ್ನು ಸಾಲಾಗಿ ಇದಕ್ಕೆ ಹಚ್ಚಿ ನಿಲ್ಲಿಸಬಹುದು. ಅಲ್ಲಿಯವರು ನಗರದ ಪೂರ್ವಕ್ಕೆ ಮೂರು ಮಾರ್ಗಗಳ ಡಿಪೋಗಳನ್ನು ಒಂದರ ಮೇಲೊಂದು, ಬುತ್ತಿ ಡಬ್ಬಿ ಪೇರಿಸಿದ ಹಾಗೆ ಕಟ್ಟುವ ಯೋಜನೆ ಹಾಕಿಕೊಂಡಿದ್ದಾರೆ.

ದುಡ್ಡು ಎಲ್ಲಿಂದ? ಹಾಂಗ್‌ಕಾಂಗ್ ಹಿಡಿದ ದಾರಿ ಜಾಣತನದ್ದು. ಸ್ಟೇಶನ್ ಬರುತ್ತದೆ ಅಂದ ಕೂಡಲೇ ಸುತ್ತಲಿನ ಜಾಗದ ಬೆಲೆ ಏರುತ್ತದೆ. ನಮ್ಮಲ್ಲಿ ಆ ಲಾಭ ಮೊದಲೇ ಸುದ್ದಿ ತಿಳಿದು ಸೈಟ್ ಹಿಡಿದವರಿಗೆ. ಅಲ್ಲಿ ಸ್ಟೇಶನ್ ಮೇಲೆ, ಪಕ್ಕದಲ್ಲಿ ಕಟ್ಟುವ ಹಕ್ಕು ಮೆಟ್ರೊ ಕಂಪನಿಗೇ. ಮನೆ, ಮಾಲ್ ಕಟ್ಟಿಸಿ ಬಂದ ಲಾಭದಲ್ಲಿ ಹಳಿ ಹಾಕುತ್ತದೆ.

ಮುಂಬೈಯನ್ನು ಮರೆಯುವಂತಿಲ್ಲ. ಅದೂ ಏಳು ನಡುಗಡ್ಡೆಗಳನ್ನು ಸೇರಿಸಿ ಮಾಡಿದ ಊರು. 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಠಾಣೆಗೆ 34 ಕಿ.ಮೀ. ಓಡಿದ ರೈಲು ಉತ್ತರಕ್ಕೆ ಹೊರಟಿತ್ತು, ಯಾಕೆಂದರೆ ಬೇರೆ ದಿಕ್ಕೇ ಇರಲಿಲ್ಲ. ಕಚೇರಿಗಳು ತೆಂಕಣ ತುದಿಯಲ್ಲಿ, ಮನೆಗಳು ಬಡಗಣಕ್ಕೆ. ಬೆಳಿಗ್ಗೆ ಎಲ್ಲರೂ ಕೆಳಗೆ, ಸಂಜೆ ಎಲ್ಲರೂ ಮೇಲೆ. ಲೋಕಲ್ ಗಾಡಿಯ ನೂಕುನುಗ್ಗಲಿಗೆ ಜನಸಂಖ್ಯೆ ಎಷ್ಟು ಕಾರಣವೋ ಆ ನಡುಗಡ್ಡೆಯ ಉದ್ದನೆಯ ಆಕಾರವೂ ಅಷ್ಟೇ ಕಾರಣ.

ಮಾರಿಷಸ್ ಕೂಡ ಮನಸ್ಸು ಬದಲಿಸಿತು. ಕಾರುಗಳಿಂದ ರಸ್ತೆ ಕಟ್ಟಿಕೊಂಡ ಮೇಲೆ ಭಾರತದ ನೆರವಿನಿಂದ ಮೆಟ್ರೊ ಎಕ್ಸ್‌ಪ್ರೆಸ್ ಕಟ್ಟಿಸಿ 2020ರಲ್ಲಿ ಓಡಿಸಿತು. ಬಹುಪಾಲು ಹಳೇ ರೈಲಿನ ಜಾಡನ್ನೇ ಹಿಡಿದು!

ಪಾಂಬನ್

ನಮ್ಮ ದೇಶದಲ್ಲಿ ನಡುಗಡ್ಡೆಯ ರೈಲು ಅಂದರೆ ರಾಮೇಶ್ವರ. ಹುಬ್ಬಳ್ಳಿಯಿಂದಲೂ ವಾರಕ್ಕೊಮ್ಮೆ ಆ ಕಡೆ ವಿಶೇಷ ರೈಲು ಓಡಿದೆ. ರಾಮೇಶ್ವರದ ನಡುಗಡ್ಡೆಯನ್ನು ದಂಡೆಗೆ ಸೇರಿಸುವ ಹಳೇ ಪಾಂಬನ್ ಸೇತುವೆ 2022ರ ಡಿಸೆಂಬರ್‌ನಲ್ಲಿ ನಿಂತಾಗ ಈ ಕಡೆಯ ದಂಡೆಯ ರಾಮನಾಥಪುರದಲ್ಲೇ ಇಳಿದು ಬಸ್ ಹಿಡಿಯಬೇಕಾಯಿತು. ಮತ್ತೆ ಮಿರಜ್!

ಆ ಸೇತುವೆ ಶುರುವಾದದ್ದು 1914ರ ಫೆಬ್ರುವರಿಯಲ್ಲಿ. ಎರಡು ಕಿ.ಮೀ.ಗೂ ಉದ್ದ. ಹಡಗು ಬಂದರೆ ನಡುವಿನ ಭಾಗ ನಮಸ್ಕಾರದ ಕೈ ಬಿಡಿಸಿದ ಹಾಗೆ ಎರಡಾಗಿ ಮೇಲೇಳುತ್ತಿತ್ತು. ಎತ್ತುತ್ತಿದ್ದದ್ದು ಯಂತ್ರ ಅಲ್ಲ, ಸನ್ನೆಗೋಲು ತಿರುಗಿಸುವ ಕೂಲಿಯವರು. ಗಾಳಿ ಒಂದು ಮಟ್ಟ ಮೀರಿದರೆ ಸಿಗ್ನಲ್ ಕೆಂಪಾಗಿ ರೈಲು ದಂಡೆಯಲ್ಲೇ ನಿಲ್ಲಬೇಕು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದು ನಿಲ್ಲುವುದೇ ಇಲ್ಲ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಅದೇ ನಡುಗಡ್ಡೆಯ ತುದಿಯ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯನ್ನು ಅಲೆ ಎಳೆದುಕೊಂಡು ಹೋಯಿತು. ನೂರಕ್ಕೂ ಹೆಚ್ಚು ಜನ ಹೋದರು. ಸೇತುವೆಯ ಕಬ್ಬಿಣದ ತೊಲೆಗಳು, ಅಂದರೆ ಗರ್ಡರ್‌ಗಳು ಸಮುದ್ರ ಸೇರಿದವು. ರಿಪೇರಿಗೆ ಕಳಿಸಿದ್ದು ಆಗಿನ್ನೂ ಮೂವತ್ತರ ಆಸುಪಾಸಿನ ಇಂಜಿನಿಯರ್ ಇ. ಶ್ರೀಧರನ್ ಅವರನ್ನು. ತಿಂಗಳುಗಟ್ಟಲೆ ಗಡುವು ಇತ್ತು. ಅವರು ನೀರಿಗೆ ಬಿದ್ದ ಗರ್ಡರ್‌ಗಳನ್ನೇ ಹುಡುಕಿ ಎತ್ತಿಸಿ 46 ದಿನದಲ್ಲಿ ರೈಲು ದಾಟಿಸಿದರು. ಧನುಷ್ಕೋಡಿಯ ಹಳಿ ಮಾತ್ರ ಮತ್ತೆ ಏಳಲಿಲ್ಲ. ಹೊಸ ಪಾಂಬನ್ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆ ಆಯಿತು. ಇದರಲ್ಲಿ 72.5 ಮೀಟರ್ ಉದ್ದದ ಭಾಗ ಲಿಫ್ಟಿನ ಹಾಗೆ ಇಡಿಯಾಗಿ 17 ಮೀಟರ್ ಮೇಲೇರುತ್ತದೆ. ತಿರುಗಿಸುವುದು ಈಗ ಮೋಟರು.

ಸೇತುವೆ ಕಟ್ಟಿದ ಮೂಲ ಉದ್ದೇಶ ರಾಮೇಶ್ವರ ಒಂದೇ ಅಲ್ಲ, ಶ್ರೀಲಂಕಾ. ಮದ್ರಾಸಿನಿಂದ ಧನುಷ್ಕೋಡಿಗೆ ಬೋಟ್ ಮೇಲ್ ಎಂಬ ರೈಲು, ಅಲ್ಲಿಂದ ಹಡಗು, ಆಚೆ ತಲೈಮನ್ನಾರಿನಲ್ಲಿ ಮತ್ತೆ ರೈಲು ಹತ್ತಿದರೆ ಕೊಲಂಬೊ. ನಡುವಿನ ನೀರಿನ ಮೇಲೂ ಹಳಿ ಹಾಕುವ ಯೋಚನೆ ಆಗ ಇತ್ತು, ಆಗಲಿಲ್ಲ. ಆಗಿದ್ದರೂ ಗಾಡಿ ಸೀದಾ ಹೋಗುತ್ತಿರಲಿಲ್ಲ. ನಮ್ಮ ಕಡೆಯದು ಮೀಟರ್ ಗೇಜ್, ಅವರದು ಬ್ರಾಡ್ ಗೇಜ್.

2007ರಲ್ಲಿ ಪಾಂಬನ್ ಹಳಿ ಬ್ರಾಡ್ ಗೇಜ್ ಆಯಿತು. ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರ್ ಮಾರ್ಗವನ್ನು ನಮ್ಮ ಸರಕಾರಿ ರೈಲು ಕಂಪನಿ ಇರ್ಕಾನ್ ಮತ್ತೆ ಹಾಕಿಕೊಟ್ಟಿತು, 2015ರ ಮಾರ್ಚ್‌ನಿಂದ ಅಲ್ಲಿ ರೈಲು ಓಡುತ್ತಿದೆ. ಈಗ ಎರಡೂ ಕಡೆ ಹಳಿಯ ಅಗಲ ಒಂದೇ, 1,676 ಮಿ.ಮೀ. ಆ ದಾರಿಯ ಹಡಗು ನಿಂತು ನಲವತ್ತು ವರ್ಷ ಆಯಿತು.